ಪಂಚಾಯಿತಿ ಗೋಡೆಯ 17 ಗುರಿಗಳು: ಕಾನೂನೋ, ಬರೀ ಮಾತೋ?

ಓದುಗರ ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಬೇತಮಂಗಲದ ಕಡೆ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಗ್ರಾಮ ಪಂಚಾಯಿತಿ ಕಟ್ಟಡದ ಗೋಡೆ ಮೇಲೆ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಬಣ್ಣದ ಚೌಕಗಳಲ್ಲಿ ಬರೆಸಿದ್ದಾರೆ. ಆರನೆಯದು ‘ಶುದ್ಧ ನೀರು ಮತ್ತು ನೈರ್ಮಲ್ಯ’. ನಮ್ಮೂರ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದಾಗಿವೆ, ವಯಸ್ಸಾದವರಿಗೆ ಮಂಡಿ ಮಡಚಲು ಆಗುವುದಿಲ್ಲ. ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಇದು ಕಾನೂನಾ? 2030ಕ್ಕೆ ಒಳ್ಳೆ ನೀರು ಬರದಿದ್ದರೆ ಯಾರ ಮೇಲೆ ಕೇಸ್ ಹಾಕಬೇಕು?’ ನನಗೆ ಉತ್ತರ ಹೊಳೆಯಲಿಲ್ಲ. ಅಂತರರಾಷ್ಟ್ರೀಯ ಕಾನೂನಿನಿಂದ ನಮ್ಮಂಥ ಊರಿಗೆ ನಿಜಕ್ಕೂ ಏನಾದರೂ ಆಗುತ್ತದೆಯೇ?

ಉತ್ತರ:

ಮೇಷ್ಟ್ರೇ, ನಾನು ತುಮಕೂರಿನಲ್ಲಿ ಪರಿಸರ ಕಾನೂನು ಪಾಠ ಮಾಡುವವನು. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವವರು ನನ್ನ ತರಗತಿಯಲ್ಲೂ ಕಡಿಮೆ. ಮೊದಲು ಅವಳಿಗೆ ಸಲ್ಲಬೇಕಾದ ಉತ್ತರ ಹೇಳಿಬಿಡುತ್ತೇನೆ. ಗೋಡೆ ಮೇಲಿನ 17 ಗುರಿಗಳು ಕಾನೂನಲ್ಲ. ಅವುಗಳ ಹೆಸರಿನಲ್ಲಿ ಯಾರ ಮೇಲೂ ಕೇಸ್ ಹಾಕಲು ಆಗುವುದಿಲ್ಲ. ಆದರೆ ಆ ಆರನೇ ಚೌಕದ ಹಿಂದೆ ನಿಜವಾದ ಕಾನೂನು ಇದೆ. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಬಹುದು, ಹೋಗಿ ಗೆದ್ದವರೂ ಇದ್ದಾರೆ. ಹಾಗೆ ಗೆದ್ದ ದೊಡ್ಡ ಕೇಸ್‌ಗಳಲ್ಲಿ ಒಂದು ನಿಮ್ಮ ಬೇತಮಂಗಲದ ಕೆರೆಗೆ ನೀರು ತರುವ ಪಾಲಾರ್ ನದಿಯದೇ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಈ ಗುರಿಗಳು ಬಂದದ್ದು 2015ರ ಸೆಪ್ಟೆಂಬರ್ 25ರಂದು. ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಂದು ನಿರ್ಣಯ ಮಾಡಿತು. 193 ದೇಶಗಳು ಒಪ್ಪಿದವು. 17 ಗುರಿ, ಅವುಗಳ ಅಡಿಯಲ್ಲಿ 169 ಉಪಗುರಿ, ವಾಯಿದೆ 2030. ಸಾಮಾನ್ಯ ಸಭೆಯ ನಿರ್ಣಯ ಎಂದರೆ ಶಿಫಾರಸು ಅಷ್ಟೇ. ಅದು ದೇಶಗಳನ್ನು ಕಟ್ಟಿಹಾಕುವುದಿಲ್ಲ. ಹಿರಿಯರ ಎದುರು ಕೊಟ್ಟ ಮಾತಿಗೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆದ ಪತ್ರಕ್ಕೂ ವ್ಯತ್ಯಾಸ ಇದೆಯಲ್ವಾ, ಇದೂ ಹಾಗೆಯೇ. ಮಾತಿಗೆ ಬೆಲೆ ಇಲ್ಲವೆಂದಲ್ಲ. ಪ್ರತಿ ವರ್ಷ ಜುಲೈನಲ್ಲಿ ದೇಶಗಳು ನ್ಯೂಯಾರ್ಕಿಗೆ ಹೋಗಿ ‘ನಾವು ಇಷ್ಟು ಮಾಡಿದೆವು’ ಎಂದು ವರದಿ ಒಪ್ಪಿಸುತ್ತವೆ. ಭಾರತ 2017ರಲ್ಲಿ, 2020ರಲ್ಲಿ, ಮತ್ತೆ 2025ರಲ್ಲಿ ಒಪ್ಪಿಸಿದೆ. ಆದರೆ ಆ ವರದಿಯ ಹೆಸರಲ್ಲೇ ‘ಸ್ವಯಂಪ್ರೇರಿತ’ ಎಂದಿದೆ. ಕೊಡದಿದ್ದರೆ ದಂಡವಿಲ್ಲ, ಗುರಿ ತಪ್ಪಿದರೂ ದಂಡವಿಲ್ಲ.

ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹಳಷ್ಟು ಸಲ ಇಲ್ಲಿಗೇ ನಿಲ್ಲುತ್ತವೆ. ‘ಬಾಧ್ಯತೆ ಇಲ್ಲ, ಹಾಗಾಗಿ ಪ್ರಯೋಜನವಿಲ್ಲ’ ಅಂತ ಮುಗಿಸಿಬಿಡುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ಕಾರಣ ಆ ನಿರ್ಣಯದಲ್ಲೇ ಇದೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ದೇಶಗಳಿಗೆ ಈಗಾಗಲೇ ಇರುವ ಹಕ್ಕು, ಹೊಣೆಗಳಿಗೆ ತಕ್ಕಂತೆಯೇ ಈ ಗುರಿಗಳನ್ನು ಜಾರಿ ಮಾಡಬೇಕು ಎಂದು ಅದರ 18ನೇ ಪ್ಯಾರಾ ಹೇಳುತ್ತದೆ. ಅಂದರೆ ಗುರಿಗಳಿಗಿಂತ ಮೊದಲೇ ಹೊಣೆಗಳಿದ್ದವು. ಅವು ಎಲ್ಲಿವೆ ಎಂದು ಹುಡುಕಬೇಕು.

ನೀರಿನ ವಿಷಯ ತೆಗೆದುಕೊಳ್ಳೋಣ. 1966ರಲ್ಲಿ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಆಯಿತು. ಭಾರತ 1979ರಲ್ಲಿ ಅದಕ್ಕೆ ಸೇರಿತು. ಇದು ಒಪ್ಪಂದ, ಬಾಧ್ಯತೆ ಇರುವಂಥದ್ದು. ಅದರಲ್ಲಿ ನೀರು ಎಂಬ ಪದ ನೇರವಾಗಿ ಇಲ್ಲ. ಸರಿಯಾದ ಜೀವನ ಮಟ್ಟದ ಹಕ್ಕು 11ನೇ ವಿಧಿಯಲ್ಲಿದೆ, ಆರೋಗ್ಯದ ಹಕ್ಕು 12ನೇ ವಿಧಿಯಲ್ಲಿದೆ. ಒಪ್ಪಂದದ ಉಸ್ತುವಾರಿ ನೋಡುವ ಸಮಿತಿ 2002ರಲ್ಲಿ ಒಂದು ವಿವರಣೆ ಹೊರಡಿಸಿತು. ಈ ಎರಡೂ ಹಕ್ಕುಗಳ ಒಳಗೆ ನೀರಿನ ಹಕ್ಕು ಸೇರಿದೆ, ಆ ನೀರು ಸಾಕಷ್ಟು ಇರಬೇಕು, ಸುರಕ್ಷಿತವಾಗಿರಬೇಕು, ಕೈಗೆಟುಕುವ ದೂರದಲ್ಲಿ, ಕೈಗೆಟುಕುವ ಬೆಲೆಯಲ್ಲಿ ಸಿಗಬೇಕು ಎಂದಿತು. 2010ರ ಜುಲೈ 28ರಂದು ಸಾಮಾನ್ಯ ಸಭೆಯೇ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕು ಎಂದು ಒಪ್ಪಿಕೊಂಡಿತು. ಪರವಾಗಿ 122 ಮತ, ವಿರುದ್ಧ ಒಂದೂ ಇಲ್ಲ, ತಟಸ್ಥವಾಗಿ ಉಳಿದವು 41.

ನಿಮ್ಮ ತರಗತಿಗೆ ಇನ್ನೂ ಹತ್ತಿರದ್ದು ಮಕ್ಕಳ ಹಕ್ಕುಗಳ ಒಪ್ಪಂದ. ಭಾರತ 1992ರಲ್ಲಿ ಸೇರಿತು. ಅದರ 24ನೇ ವಿಧಿಯಲ್ಲಿ ಸುತ್ತು ಬಳಸು ಇಲ್ಲ. ಮಕ್ಕಳಿಗೆ ಶುದ್ಧ ಕುಡಿಯುವ ನೀರು ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ನೇರವಾಗಿ ಬರೆದಿದೆ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಪ್ಪಂದದ 14ನೇ ವಿಧಿ ಇನ್ನೂ ವಿಶೇಷ. ಅದು ಹಳ್ಳಿ ಹೆಣ್ಣುಮಕ್ಕಳಿಗೆಂದೇ ಬರೆದದ್ದು, ನೀರು ಪೂರೈಕೆಯನ್ನು ಹೆಸರಿಸಿಯೇ ಹೇಳುತ್ತದೆ. ಭಾರತ ಅದನ್ನು 1993ರಲ್ಲಿ ಅನುಮೋದಿಸಿತು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ಗುರಿಗಳಿಗೆ 2030ರ ವಾಯಿದೆ ಇದೆ, ಈ ಒಪ್ಪಂದಗಳಿಗೆ ವಾಯಿದೆ ಇಲ್ಲ. 2031ರ ಜನವರಿ 1ರಂದು ಬೆಳಗ್ಗೆ ಗೋಡೆ ಮೇಲಿನ ಬಣ್ಣ ಅಳಿಸಿ ಹೊಸ ಯೋಜನೆಯ ಹೆಸರು ಬರೆಸಬಹುದು. ಆವತ್ತೂ 24ನೇ ವಿಧಿ ಹಾಗೆಯೇ ಇರುತ್ತದೆ. ‘2030ಕ್ಕೆ ಬರದಿದ್ದರೆ’ ಎಂಬ ಅವಳ ಪ್ರಶ್ನೆಗೆ ನನ್ನ ಉತ್ತರ ಇದೇ. ಕೇಳಲು ಅಲ್ಲಿವರೆಗೆ ಕಾಯಬೇಕಿಲ್ಲ, ಅದು ದಾಟಿತೆಂದು ಕೈಬಿಡಬೇಕಾಗಿಯೂ ಇಲ್ಲ.

ಸರಿ, ಒಪ್ಪಂದಕ್ಕೆ ಸಹಿ ಹಾಕಿದ್ದು ದೆಹಲಿ. ಅದು ಬೇತಮಂಗಲಕ್ಕೆ ಹೇಗೆ ಬರುತ್ತದೆ? ನಮ್ಮಲ್ಲಿ ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಅದು ದೇಶದೊಳಗಿನ ಕಾನೂನು ಆಗಿಬಿಡುವುದಿಲ್ಲ. ಅದಕ್ಕೆ ಎರಡು ದಾರಿ ಇವೆ. ಒಂದು ಸಂಸತ್ತಿನದು. ಸಂವಿಧಾನದ 253ನೇ ವಿಧಿ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದ ಅಥವಾ ಸಮ್ಮೇಳನದ ತೀರ್ಮಾನ ಜಾರಿ ಮಾಡಲು ಸಂಸತ್ತು ಕಾಯ್ದೆ ಮಾಡಬಹುದು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಮೊದಲ ಸಾಲುಗಳನ್ನೇ ತೆಗೆದು ನೋಡಿ. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಮ್ಮೇಳನದ ಹೆಸರಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ 1992ರ ರಿಯೊ ಸಮ್ಮೇಳನದ ಹೆಸರಿದೆ. ಎರಡನೆಯ ದಾರಿ ಕೋರ್ಟಿನದು. 1997ರ ವಿಶಾಖಾ ತೀರ್ಪು ನಿಮಗೆ ಗೊತ್ತಿರುತ್ತದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಆಗ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಸುಪ್ರೀಂ ಕೋರ್ಟ್ ಮಹಿಳಾ ಒಪ್ಪಂದವನ್ನೇ ಆಧಾರ ಮಾಡಿಕೊಂಡು ನಿಯಮ ಬರೆಯಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. ನಡುವಿನ 16 ವರ್ಷ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದು ಒಪ್ಪಂದದ ಬಲದ ಮೇಲೆ ನಿಂತ ಆ ತೀರ್ಪು.

ಈಗ ಪಾಲಾರ್‌ಗೆ ಬರೋಣ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆ ದಾಟಿ, ಆಂಧ್ರದ ಅಂಚು ಹಾದು ತಮಿಳುನಾಡಿಗೆ ಹೋಗುವ ನದಿ ಇದು. ನಮ್ಮ ಕಡೆ ಕೆರೆಯಿಂದ ಕೆರೆಗೆ ಹರಿಯುತ್ತದೆ. ಕೆಜಿಎಫ್ ಗಣಿಗೆ ನೀರು ಕೊಟ್ಟಿದ್ದೂ ನಿಮ್ಮ ಬೇತಮಂಗಲದ ಇದೇ ನೀರು. ಗಡಿ ದಾಟಿದ ಮೇಲೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಸಿಗುತ್ತವೆ. ಅಲ್ಲಿ ನೂರಾರು ಟ್ಯಾನರಿಗಳಿವೆ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳು. ಅವು ಸಂಸ್ಕರಿಸದ ನೀರನ್ನು ಹೊಲಕ್ಕೂ ಹೊಳೆಗೂ ಬಿಡುತ್ತಿದ್ದವು. ಬಾವಿಗಳು ಕೆಟ್ಟವು. ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯಾಗಿಯೋ ಅರ್ಧಂಬರ್ಧವೋ ಹಾಳಾಯಿತು ಎಂದು ತೀರ್ಪಿನಲ್ಲೇ ಇದೆ. ಊರಿನವರು ವೆಲ್ಲೂರು ನಾಗರಿಕರ ಕಲ್ಯಾಣ ವೇದಿಕೆಯ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ಕೊಟ್ಟಿತು.

ಈ ತೀರ್ಪನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಪ್ರತಿ ಸಲವೂ ಅದರ ಧೈರ್ಯ ನೋಡಿ ಖುಷಿಯಾಗುತ್ತದೆ. ಕಾರ್ಖಾನೆಗಳು ‘ನಾವು ರಫ್ತು ಮಾಡುತ್ತೇವೆ, ದೇಶಕ್ಕೆ ವಿದೇಶಿ ಹಣ ತರುತ್ತೇವೆ, ಜನಕ್ಕೆ ಕೆಲಸ ಕೊಡುತ್ತೇವೆ’ ಎನ್ನುವಂಥವು. ಕೋರ್ಟ್ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಸುಸ್ಥಿರ ಅಭಿವೃದ್ಧಿ ಈಗ ಅಂತರರಾಷ್ಟ್ರೀಯ ರೂಢಿ ಕಾನೂನಿನ (ಅಂದರೆ ದೇಶಗಳು ಬಾಧ್ಯತೆ ಎಂದು ಒಪ್ಪಿ ನಡೆದುಕೊಂಡು ಬಂದ ರೂಢಿಯ) ಭಾಗ, ರೂಢಿ ಕಾನೂನಾಗಿ ಒಪ್ಪಿಗೆಯಾದದ್ದನ್ನು ನಮ್ಮ ಕಾನೂನಿನ ಭಾಗ ಎಂದು ಒಪ್ಪಲು ಅಡ್ಡಿಯಿಲ್ಲ ಎಂದಿತು. ಅಲ್ಲಿಂದ ಎರಡು ತತ್ವಗಳು ನಮ್ಮ ನೆಲಕ್ಕೆ ಇಳಿದವು. ಒಂದು, ಗಲೀಜು ಮಾಡಿದವರೇ ಅದರ ಖರ್ಚು ತೆರಬೇಕು, ನೊಂದವರಿಗೆ ಪರಿಹಾರವನ್ನೂ ಕೊಡಬೇಕು. ಎರಡು, ಮುನ್ನೆಚ್ಚರಿಕೆ. ಹಾನಿ ಆಗುವ ಅಪಾಯವಿದ್ದರೆ ‘ವೈಜ್ಞಾನಿಕವಾಗಿ ಪೂರ್ತಿ ಸಾಬೀತಾಗಿಲ್ಲ’ ಎಂಬ ನೆಪ ಹೇಳಿ ಸುಮ್ನೆ ಕೂರುವಂತಿಲ್ಲ. ತನ್ನ ಕೆಲಸದಿಂದ ತೊಂದರೆ ಇಲ್ಲ ಎಂದು ತೋರಿಸುವ ಹೊಣೆ ಕೆಲಸ ಮಾಡುವವನದು, ಊರಿನವರದಲ್ಲ. ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಈಗ ಈ ತತ್ವಗಳು ಹೆಸರು ಸಮೇತ ಇವೆ. ರಿಯೊದಲ್ಲಿ ದೇಶಗಳು ಹೊರಡಿಸಿದ ಒಂದು ಘೋಷಣೆ ಪಾಲಾರ್ ದಂಡೆಯ ಜಗಳದ ಮೂಲಕ ದೇಶದ ಕಾಯ್ದೆಯ ಒಳಗೆ ಬಂದು ಕೂತಿತು.

ಇಷ್ಟಾದರೂ ನದಿ ಶುದ್ಧವಾಯಿತೇ? ಇಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದೇ ವೆಲ್ಲೂರು ಸೀಮೆಯ ಟ್ಯಾನರಿಗಳ ಬಗ್ಗೆ ಮತ್ತೆ ತೀರ್ಪು ಕೊಡಬೇಕಾಯಿತು. ಪರಿಹಾರವನ್ನು ಸರ್ಕಾರ ಮೊದಲು ಕೊಟ್ಟು ಆಮೇಲೆ ಕಾರ್ಖಾನೆಗಳಿಂದ ವಸೂಲಿ ಮಾಡಲಿ ಎಂದು ಹೇಳಬೇಕಾಯಿತು. ಮೊದಲ ತೀರ್ಪು ಬಂದು 28 ವರ್ಷ ಆದ ಮೇಲೆ. ಇದನ್ನೂ ಮಕ್ಕಳಿಗೆ ಮುಚ್ಚಿಡಬೇಡಿ. ಒಳ್ಳೆಯ ತೀರ್ಪು ಬಂದ ಮೇಲೆ ಅದರ ಹಿಂದೆ ಬಿದ್ದು ಕೆಲಸ ಮಾಡಿಸುವವರು ಬೇಕು.

ಈಗ ನಿಮ್ಮ ಫ್ಲೋರೈಡ್. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರೂ ಇಲ್ಲಿ ದಾರಿ ತಪ್ಪುತ್ತಾರೆ. ‘ಗಲೀಜು ಮಾಡಿದವರು ತೆರಲಿ’ ಎಂಬ ತತ್ವ ಇದಕ್ಕೆ ಹೊಂದುವುದಿಲ್ಲ. ಫ್ಲೋರೈಡನ್ನು ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಅದು ನಮ್ಮ ಗ್ರಾನೈಟ್ ಬಂಡೆಯಲ್ಲೇ ಇರುವಂಥದ್ದು. ಮೇಲಿನ ನೀರು ಖಾಲಿಯಾಗಿ ಬೋರ್ ಆಳಕ್ಕೆ ಹೋದಷ್ಟೂ, ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಅದರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟುವುದಕ್ಕಿಂತ ಬೇರೆ ದಾರಿ ಹಿಡಿಯಬೇಕು. ಸುರಕ್ಷಿತ ನೀರು ಕೊಡುವುದು ಸರ್ಕಾರದ ಹೊಣೆ ಎಂಬ ದಾರಿ. 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿಯ ಹಕ್ಕೂ ಸೇರಿದೆ ಎಂದಿತು. ಅದಕ್ಕೆ ಮಕ್ಕಳ ಒಪ್ಪಂದದ 24ನೇ ವಿಧಿಯನ್ನು ಜೋಡಿಸಿ. ವಾದಕ್ಕೆ ಗಟ್ಟಿ ಬುನಾದಿ ಸಿಗುತ್ತದೆ.

ಗೋಡೆಯ ಆರನೇ ಚೌಕ ಕೆಲಸಕ್ಕೆ ಬರುವುದು ಇಲ್ಲಿ. ಕಾನೂನಾಗಿ ಅಲ್ಲ, ಅಳತೆಗೋಲಾಗಿ. ಆರನೇ ಗುರಿಯ ಮೊದಲ ಉಪಗುರಿ ಎಲ್ಲರಿಗೂ ಸುರಕ್ಷಿತ ಕುಡಿಯುವ ನೀರು. ಅದನ್ನು ಅಳೆಯುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ. ಅವರ ಲೆಕ್ಕದಲ್ಲಿ ನೀರು ‘ಸುರಕ್ಷಿತ’ ಎನಿಸಿಕೊಳ್ಳಲು ಅದು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲದ ಸೋಂಕು ಇರಬಾರದು, ಮುಖ್ಯವಾದ ರಾಸಾಯನಿಕಗಳ ದೋಷವೂ ಇರಬಾರದು. ಆ ಮುಖ್ಯ ರಾಸಾಯನಿಕ ಯಾವುವು ಗೊತ್ತೇ? ಎರಡೇ. ಆರ್ಸೆನಿಕ್ ಮತ್ತು ಫ್ಲೋರೈಡ್. ಇಡೀ ಜಗತ್ತಿಗಾಗಿ ಮಾಡಿದ ಪಟ್ಟಿಯಲ್ಲಿ ನಿಮ್ಮೂರ ತೊಂದರೆಯ ಹೆಸರು ಇದೆ.

ಇದನ್ನು ನಿಮ್ಮೂರಿಗೆ ಹಿಡಿದು ನೋಡಿ. ನಲ್ಲಿಯಲ್ಲಿ ಬೋರ್ ನೀರು ಬರುತ್ತದೆ, ಪಂಚಾಯಿತಿ ಲೆಕ್ಕದಲ್ಲಿ ‘ನಲ್ಲಿ ಸಂಪರ್ಕ ಆಗಿದೆ’ ಎಂದು ಟಿಕ್ ಬೀಳುತ್ತದೆ. ಕುಡಿಯಲು ಮಾತ್ರ ಜನ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ 20 ಲೀಟರ್ ತರುತ್ತಾರೆ. ವಿಶ್ವಸಂಸ್ಥೆಯ ಅಳತೆಯಲ್ಲಿ ಮನೆಯ ನಲ್ಲಿ ನೀರು ಫ್ಲೋರೈಡ್‌ನಿಂದಾಗಿ ಫೇಲ್, ಘಟಕದ ನೀರು ಮನೆಯ ಆವರಣದಲ್ಲಿ ಸಿಗದ್ದರಿಂದ ಫೇಲ್. ಎರಡನ್ನೂ ಕೂಡಿಸಿದರೂ ಗುರಿ ಮುಟ್ಟಿದಂತಾಗುವುದಿಲ್ಲ. ಅಡುಗೆಯ ವಿಷಯ ಬೇರೆ ಇದೆ. ಫಿಲ್ಟರ್ ನೀರು ಕುಡಿಯುವ ಮನೆಗಳಲ್ಲೂ ಅನ್ನ, ಸಾರು, ಮುದ್ದೆಯ ಎಸರಿಗೆ ಬೋರ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಘಟಕದ ಹಿಂದಿನ ಪೈಪಿನಿಂದ ಹೊರಬರುವ ವೇಸ್ಟ್ ನೀರನ್ನೂ ಒಮ್ಮೆ ಹೋಗಿ ನೋಡಿ. ಒಳಗೆ ತೆಗೆದ ಫ್ಲೋರೈಡ್ ಎಲ್ಲ ಅದರಲ್ಲೇ ಇರುತ್ತದೆ. ಅದು ಚರಂಡಿಗೆ ಹೋಗುತ್ತಿದೆಯೋ, ಪಕ್ಕದ ಕುಂಟೆಗೋ?

ಈ ಅಳತೆ ನಮ್ಮ ದೇಶದ ನಿಯಮದಲ್ಲೂ ಇದೆ. ಜಲ ಜೀವನ್ ಮಿಷನ್ ದಿನಕ್ಕೆ ಒಬ್ಬರಿಗೆ 55 ಲೀಟರ್ ಹೇಳುತ್ತದೆ, ಅದೂ ಐಎಸ್ 10500, ಅಂದರೆ ಕುಡಿಯುವ ನೀರಿಗೆ ನಮ್ಮ ದೇಶ ಗೊತ್ತುಮಾಡಿದ ಗುಣಮಟ್ಟದ ನೀರು. ಆ ಗುಣಮಟ್ಟದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಇದು ನಿಮ್ಮ ಮಕ್ಕಳು ಬಾಯಿಪಾಠ ಮಾಡಬೇಕಾದ ಸಂಖ್ಯೆ.

ನಿಮ್ಮ ಜಿಲ್ಲೆಯ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನ ಕಥೆ ಬೇರೆ. ಅಲ್ಲಿ ಪಾಲಾರ್ ತೀರ್ಪಿನ ತತ್ವಗಳೇ ಬೇಕು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ, ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ನೊರೆ ಬಂತು, ಗಲಾಟೆಯಾಯಿತು, ಕೇಸ್ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ನೀರು ಹರಿಯುವುದು ಮುಂದುವರಿಯಿತು. ಕುತೂಹಲದ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ನಲ್ಲಿಗಳಿಗೆ ಬರುವ ನೀರಿನ ದೊಡ್ಡ ಪಾಲು ಕಾವೇರಿಯದು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನದಿ ಯಾವ ರಾಜ್ಯದ ಆಸ್ತಿಯೂ ಅಲ್ಲ, ನ್ಯಾಯವಾಗಿ ಹಂಚಿಕೊಳ್ಳಬೇಕು ಎಂದು ಹೇಳುವಾಗ ಕೋರ್ಟ್ ಆಸರೆಗೆ ತೆಗೆದುಕೊಂಡದ್ದರಲ್ಲಿ 1966ರ ಹೆಲ್ಸಿಂಕಿ ನಿಯಮಗಳೂ ಇವೆ. ಅವು ದೇಶಗಳ ನಡುವಿನ ನದಿಗಳಿಗೆಂದು ಕಾನೂನು ವಿದ್ವಾಂಸರ ಸಂಘವೊಂದು ಬರೆದ ನಿಯಮಗಳು, ಒಪ್ಪಂದ ಕೂಡ ಅಲ್ಲ. ಬೆಂಗಳೂರಿಗೆ ಬಂದ ಆ ನೀರೇ ಬಳಕೆಯಾಗಿ, ಸಂಸ್ಕರಣೆಯಾಗಿ, ಕೋಲಾರದ ಕೆರೆಗೆ ಇಳಿಯುತ್ತಿದೆ.

ಕೆ.ಸಿ. ವ್ಯಾಲಿ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಬತ್ತಿದ ಬೋರ್‌ಗಳಲ್ಲಿ ಮತ್ತೆ ನೀರು ಕಂಡ ರೈತರ ಸಂತೋಷ ನಿಜ, ಅದನ್ನು ಹಗುರವಾಗಿ ನೋಡಬಾರದು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೇಳುವವರ ಆತಂಕವೂ ನಿಜ. ಆರನೇ ಗುರಿಯ ಮೂರನೇ ಉಪಗುರಿ ಕೊಳಚೆ ನೀರಿನ ಮರುಬಳಕೆ ಹೆಚ್ಚಿಸಿ ಎನ್ನುತ್ತದೆ, ಜೊತೆಗೆ ಅದು ಸುರಕ್ಷಿತ ಮರುಬಳಕೆ ಆಗಿರಬೇಕು ಎನ್ನುತ್ತದೆ. ಎರಡೂ ಒಟ್ಟಿಗೆ. ಮುನ್ನೆಚ್ಚರಿಕೆ ತತ್ವದ ಪ್ರಕಾರ ‘ಈ ನೀರು ವಿಷ’ ಎಂದು ಸಾಬೀತು ಮಾಡುವುದು ಟೊಮೆಟೊ ಬೆಳೆಯುವ ರೈತನ ಕೆಲಸವಲ್ಲ. ‘ಇದು ಸುರಕ್ಷಿತ’ ಎಂದು ಕೆರೆಯಿಂದ ಕೆರೆಗೆ, ತಿಂಗಳಿಂದ ತಿಂಗಳಿಗೆ ವರದಿ ತೋರಿಸಬೇಕಾದವರು ನೀರು ಹರಿಸುವವರು. ಆ ವರದಿ ಕನ್ನಡದಲ್ಲಿ ಪಂಚಾಯಿತಿ ನೋಟಿಸ್ ಬೋರ್ಡಿನ ಮೇಲೆ ಇರಬೇಕು ಎಂದು ಕೇಳುವುದು ತೀರಾ ನ್ಯಾಯವಾದ ಬೇಡಿಕೆ.

ಕೆರೆಯ ಮಾತು ಬಂತೆಂದು ಇದೊಂದನ್ನೂ ಸೇರಿಸುತ್ತೇನೆ. 1997ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಡ್ಯಾನ್ಯೂಬ್ ನದಿಯ ಅಣೆಕಟ್ಟಿನ ಬಗ್ಗೆ ಹಂಗೇರಿ ಮತ್ತು ಸ್ಲೊವಾಕಿಯಾ ನಡುವಿನ ವ್ಯಾಜ್ಯ ತೀರ್ಮಾನಿಸಿತು. ಅಭಿವೃದ್ಧಿ ಮತ್ತು ಪರಿಸರ ಎರಡನ್ನೂ ಹೊಂದಿಸಿಕೊಂಡು ಹೋಗಬೇಕು ಎಂಬ ಮಾತು ಆ ತೀರ್ಪಿನಲ್ಲಿದೆ. ಪೀಠದಲ್ಲಿದ್ದ ಶ್ರೀಲಂಕಾದ ನ್ಯಾಯಮೂರ್ತಿ ಕ್ರಿಸ್ಟೋಫರ್ ವೀರಮಂತ್ರಿ ಬೇರೆಯೇ ಒಂದು ಅಭಿಪ್ರಾಯ ಬರೆದರು. ಇದೇನೂ ಹೊಸ ವಿಚಾರವಲ್ಲ ಎಂದು ಹೇಳಿ, ತಮ್ಮ ನಾಡಿನ ಪುರಾತನ ಕೆರೆಗಳನ್ನು ಉದಾಹರಣೆ ಕೊಟ್ಟರು. ಕೆರೆ ಕಟ್ಟಿ, ಹೂಳೆತ್ತಿ, ಕೋಡಿ ನೀರನ್ನು ಮುಂದಿನ ಕೆರೆಗೆ ಬಿಟ್ಟು ಬದುಕಿದವರು ಕೋಲಾರದವರು. ನಮಗೆ ಆ ಪುಟಗಳು ಓದಿದ ತಕ್ಷಣ ಅರ್ಥವಾಗುತ್ತವೆ. ನಿಮ್ಮ ಮಕ್ಕಳಿಗೆ ಒಮ್ಮೆ ಈ ವಿಷಯ ಹೇಳಿ.

ಇನ್ನು ಅಂತರರಾಷ್ಟ್ರೀಯ ಕಾನೂನು ಎಲ್ಲಿ ಸೋಲುತ್ತದೆ ಎಂಬುದು. ಮೊದಲನೆಯದು ಅಂತರ್ಜಲ. ಗಡಿಯಾಚೆ ಹರಡಿದ ಅಂತರ್ಜಲದ ಬಗ್ಗೆ 2008ರಲ್ಲಿ ವಿಶ್ವಸಂಸ್ಥೆಯ ಕಾನೂನು ಆಯೋಗ ಬರೆದ ಕರಡು ಇನ್ನೂ ಕರಡಾಗಿಯೇ ಇದೆ. ದೇಶದೊಳಗಿನ ಅಂತರ್ಜಲದ ಬಗ್ಗೆಯಂತೂ ಒಪ್ಪಂದವೇ ಇಲ್ಲ. ಪಕ್ಕದ ಜಮೀನಿನವರು 1,500 ಅಡಿ ಕೊರೆಸಿದರೆ ಅದನ್ನು ತಡೆಯುವ ಶಕ್ತಿ ಜಿನೀವಾದಲ್ಲಿ ಕೂತ ವಿಶ್ವಸಂಸ್ಥೆಯ ಸಮಿತಿಗಳಿಗಿಲ್ಲ. ಅದಕ್ಕೆ ಇರುವುದು ನಮ್ಮದೇ 2011ರ ಕರ್ನಾಟಕ ಅಂತರ್ಜಲ ಕಾಯ್ದೆ. ಅಧಿಸೂಚಿತ ಪ್ರದೇಶದಲ್ಲಿ ಬೋರ್ ಕೊರೆಸಲು ಅನುಮತಿ ಬೇಕು ಎಂದು ಅದು ಹೇಳುತ್ತದೆ. ಎಷ್ಟು ಜನ ಅನುಮತಿ ತೆಗೆದುಕೊಂಡಿದ್ದಾರೆ ಎಂದು ಊರಲ್ಲೇ ಕೇಳಿ ನೋಡಿ.

ಎರಡನೆಯದು ದುಡ್ಡು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇ 0.7ರಷ್ಟನ್ನು ಬಡ ದೇಶಗಳಿಗೆ ನೆರವು ಕೊಡಬೇಕೆಂಬ ಮಾತು 17ನೇ ಗುರಿಯಲ್ಲಿದೆ. ಅದು 1970ರಿಂದ ಇರುವ ಮಾತು. ಬೆರಳೆಣಿಕೆಯ ದೇಶಗಳನ್ನು ಬಿಟ್ಟರೆ ಯಾರೂ ಕೊಟ್ಟಿಲ್ಲ, ಕೊಡಿಸುವ ಕಾನೂನೂ ಇಲ್ಲ. ಇದು ನನಗೆ ತುಂಬ ಬೇಸರ ತರುವ ವಿಷಯ.

ಮೂರನೆಯದು ದೂರು. ಸಾಮಾಜಿಕ ಹಕ್ಕುಗಳ ಒಡಂಬಡಿಕೆಗೆ 2008ರ ಒಂದು ಹೆಚ್ಚುವರಿ ಒಪ್ಪಂದ ಇದೆ. ಅದಕ್ಕೆ ಸೇರಿದ ದೇಶದ ಪ್ರಜೆಗಳು ತಮ್ಮ ಕೋರ್ಟುಗಳಲ್ಲಿ ನ್ಯಾಯ ಸಿಗದಿದ್ದರೆ ನೇರ ಜಿನೀವಾದ ಸಮಿತಿಗೆ ದೂರು ಕೊಡಬಹುದು. ಭಾರತ ಸೇರಿಲ್ಲ. ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ನೀರಿನ ಹಕ್ಕಿನ ಬಗ್ಗೆ ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರರಿಗೆ ಯಾರು ಬೇಕಾದರೂ ಪತ್ರ ಬರೆಯಬಹುದು, ಅವರು ಸರ್ಕಾರವನ್ನು ವಿವರಣೆ ಕೇಳಬಹುದು. ಅಷ್ಟು ಮಾತ್ರ.

ಒಂದು ಗುರಿ ಇನ್ನೊಂದಕ್ಕೆ ಅಡ್ಡ ಬರುವುದಕ್ಕೆ ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಉದಾಹರಣೆಯೂ ಇದೆ. ತಿರುಮಣಿ ಸುತ್ತಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿದೆ. ಭೂಮಿ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿ. ಹವಾಮಾನ ಬದಲಾವಣೆ ತಡೆಯಲು ಆದ ಪ್ಯಾರಿಸ್ ಒಪ್ಪಂದದ ಮಾತು ಉಳಿಸಿಕೊಳ್ಳಲು ದೇಶಕ್ಕೆ ಇಂಥವು ಬೇಕೇ ಬೇಕು. ಆದರೆ ಬಾಡಿಗೆ ಬರುವುದು ಪಟ್ಟಾ ಇರುವವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರ ಬಗ್ಗೆ ಪ್ಯಾರಿಸ್ ಒಪ್ಪಂದ ಪೀಠಿಕೆಯಲ್ಲಿ ಒಂದೆರಡು ಒಳ್ಳೆಯ ಮಾತು ಆಡಿ ಸುಮ್ಮನಾಗುತ್ತದೆ. ಶುದ್ಧ ಇಂಧನದ ಏಳನೇ ಗುರಿ ಮುಟ್ಟುವಾಗ ಬಡತನ ನಿವಾರಣೆಯ ಒಂದನೇ ಗುರಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವ ಕೆಲಸ ನಮ್ಮ ಸರ್ಕಾರದ ಮೇಲೆಯೇ ಬೀಳುತ್ತದೆ.

ಗುರಿಯೊಂದರ ಭಾಗ ಕಾನೂನಾಗಿ ಬದಲಾದ ಉದಾಹರಣೆಯೂ ಇದೆ. ಕದ್ದುಮುಚ್ಚಿ ಮೀನು ಹಿಡಿಯುವವರಿಗೆ ಸಬ್ಸಿಡಿ ಕೊಡಬಾರದು ಎಂಬ ಮಾತು 14ನೇ ಗುರಿಯ ಒಂದು ಉಪಗುರಿಯಲ್ಲಿದೆ. ಅದರ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರಲ್ಲಿ ಒಪ್ಪಂದವಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಹವಾಮಾನದ ವಿಷಯದಲ್ಲಿ 2025ರ ಜುಲೈ 23ರಂದು ಹೇಗ್‌ನ ನ್ಯಾಯಾಲಯ ಒಂದು ಸಲಹಾ ಅಭಿಪ್ರಾಯ ಕೊಟ್ಟಿತು. ಹವಾಮಾನಕ್ಕೆ ದೊಡ್ಡ ಹಾನಿ ಆಗದಂತೆ ತಡೆಯುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಈ ವಿಚಾರವನ್ನು ಅಲ್ಲಿವರೆಗೆ ಒಯ್ಯಬೇಕೆಂದು ಮೊದಲು ಹಟ ಹಿಡಿದದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು, 2019ರಲ್ಲಿ. ಆಮೇಲೆ ವನುವಾಟು ಎಂಬ ಪುಟ್ಟ ದೇಶ ಅದನ್ನು ಕೈಗೆತ್ತಿಕೊಂಡಿತು. ನಿಮ್ಮ ಹುಡುಗಿಗೆ ಇದನ್ನು ತಪ್ಪದೆ ಹೇಳಿ.

ಈಗ ಮಾಡಬೇಕಾದ ಕೆಲಸ. ಮೊದಲು ನೀರು ಪರೀಕ್ಷೆ. ಪಂಚಾಯಿತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಇರಬೇಕು, ಅದನ್ನು ಬಳಸಲು ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕು ಎಂಬುದು ಜಲ ಜೀವನ್ ಮಿಷನ್ನಿನ ನಿಯಮ. ಪಿಡಿಓ ಅವರನ್ನು ಕೇಳಿ, ನೀರುಗಂಟಿಯನ್ನೂ ಕರೆದುಕೊಂಡು ತರಗತಿಯ ಎದುರಿಗೇ ಮಾಡಿಸಿ. ಸಾಮಾನ್ಯವಾಗಿ ಬಳಸುವ ಫ್ಲೋರೈಡ್ ದ್ರಾವಣ ಗುಲಾಬಿ ಕೆಂಪಿನದು. ನೀರಿಗೆ ಹಾಕಿದಾಗ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಬಣ್ಣ ಹಳದಿ ಕಡೆಗೆ ತಿರುಗುತ್ತದೆ. ಕಾರ್ಡಿನ ಬಣ್ಣದ ಜೊತೆ ಹಿಡಿದು ಮಕ್ಕಳೇ ಓದಲಿ. ಶಾಲೆಯ ನಲ್ಲಿ, ಅಂಗನವಾಡಿ, ಓವರ್‌ಹೆಡ್ ಟ್ಯಾಂಕ್, ಘಟಕದ ನೀರು, ಘಟಕದ ವೇಸ್ಟ್ ನೀರು, ಎಲ್ಲದರದ್ದೂ ಬೇರೆ ಬೇರೆ ಬರೆದಿಡಿ. ಕಿಟ್‌ನ ಬಣ್ಣ ಕೋರ್ಟಿನಲ್ಲಿ ಗಟ್ಟಿ ಸಾಕ್ಷಿ ಆಗುವುದಿಲ್ಲ. ಅನುಮಾನ ಬಂದ ಕಡೆ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ ಲಿಖಿತ ವರದಿ ತರಿಸಿ.

ಕೊಡಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ‘ನಮ್ಮೂರ ಪ್ರತಿ ನೀರಿನ ಮೂಲದ ಕಳೆದ ಮೂರು ವರ್ಷದ ಫ್ಲೋರೈಡ್ ವರದಿ, ಮಿತಿ ಮೀರಿದ ಕಡೆ ತೆಗೆದುಕೊಂಡ ಕ್ರಮ, ಘಟಕದ ಮೆಂಬ್ರೇನ್ ಬದಲಿಸಿದ ದಿನಾಂಕ’ ಎಂದು ಇಷ್ಟೇ ಕೇಳಿ. ಸುತ್ತಿ ಬಳಸಿ ಬರೆದರೆ ಸುತ್ತಿ ಬಳಸಿ ಉತ್ತರ ಬರುತ್ತದೆ.

ವರದಿ ಕೈಗೆ ಬಂದ ಮೇಲೆ ಗ್ರಾಮ ಸಭೆಯಲ್ಲಿ ಇಡಿ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಈಗ ಈ ಗುರಿಗಳ ಆಧಾರದ ಮೇಲೆಯೇ ಒಂಬತ್ತು ವಿಷಯಗಳಾಗಿ ವಿಂಗಡಿಸಿ ಬರೆಯಬೇಕು, ನೀರು ಅದರಲ್ಲೊಂದು. ಫ್ಲೋರೈಡ್ ಮಾತು ಆ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯ್ತು ಮೇಷ್ಟ್ರೇ, ನೋಡೋಣ’ ಎಂದರೆ ಒಪ್ಪಬೇಡಿ. ಮುಂದೆ ಕೋರ್ಟಿಗೆ ಹೋದರೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಹೇಳಲು ಯಾರಿಗೂ ಆಗಬಾರದು.

ಆಗಲೂ ಕೆಲಸ ಆಗದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಪ್ರಶ್ನೆ ಕೇಳಿದ ನಿಮ್ಮ ವಿದ್ಯಾರ್ಥಿನಿಗೆ ಆ ಹಕ್ಕು ಇದೆ, ಅವಳ ತಾಯಿಗೂ ಇದೆ. ನೀರು ಪೂರೈಕೆಯಂಥ ಸಾರ್ವಜನಿಕ ಸೇವೆಗಳ ದೂರನ್ನು ಕಾಯಂ ಲೋಕ ಅದಾಲತ್‌ಗೂ ಒಯ್ಯಬಹುದು, ಅಲ್ಲಿ ಕೋರ್ಟ್ ಶುಲ್ಕವಿಲ್ಲ. ಕೊನೆಯ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಅಲ್ಲಿ 21ನೇ ವಿಧಿ ಮುಂದೆ ಇರಲಿ, ಮಕ್ಕಳ ಒಪ್ಪಂದದ 24ನೇ ವಿಧಿ ಅದರ ಬೆನ್ನಿಗಿರಲಿ, ಐಎಸ್ 10500ರ ಅಂಕಿ ಮತ್ತು ನಿಮ್ಮ ವರದಿ ಅದರ ಕೆಳಗೆ. 17 ಗುರಿಗಳನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಕೆರೆಗೆ ಬರುವ ಕೊಳಚೆಯ ತೊಂದರೆಯಾದರೆ ಮಾತ್ರ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿ ಸಾಮಾನ್ಯ ಅರ್ಜಿಗೆ ಆರು ತಿಂಗಳ ಗಡುವು ಇದೆ, ತಡ ಮಾಡಬಾರದು.

ಪರೀಕ್ಷೆಯ ಅಂಕಿಗಳು ಬಂದ ತಕ್ಷಣ ನನಗೂ ಒಂದು ಪ್ರತಿ ಕಳುಹಿಸಿ ಮೇಷ್ಟ್ರೇ. ಯಾವ ಮೂಲದಲ್ಲಿ 1.5 ದಾಟಿದೆ ಎಂದು ನೋಡಿಕೊಂಡು ಗ್ರಾಮ ಸಭೆಗೆ ಕೊಡುವ ಮನವಿಯನ್ನು ಹೇಗೆ ಬರೆಯಬೇಕು ಎಂದು ತಿಳಿಸುತ್ತೇನೆ. ಮನವಿಯ ಮೊದಲ ಕರಡನ್ನು ಆ ಹುಡುಗಿಯೇ ಬರೆಯಲಿ.